ಮೀನಿಲ್ಲದ ತಟ್ಟೆ

ಹೋಟೆಲ್ ಮ್ಯಾನೇಜ್‌ಮೆಂಟ್ ಓದಲೆಂದು ಹೊನ್ನಾವರದಿಂದ ದುಬೈಗೆ ಹೋದವಳು ನಾನು. ಕಾಲೇಜಿನಲ್ಲಿ ಮೀನನ್ನು ಚಾಕು, ಫೋರ್ಕಿನಲ್ಲಿ ತಿನ್ನುವ ಶಿಸ್ತು ಕಲಿಯುವುದು, ಹಸಿವಾದರೆ ಮಾತ್ರ ಹಿಂದಿನ ಓಣಿಯ ಭಟ್ಕಳದವರ ಹೋಟೆಲಿಗೆ ಓಡುವುದು. ಅಗ್ಗದ ಊಟ, ಅಲುಗಾಡುವ ಬೆಂಚು, ಕೈಯಲ್ಲೇ ಕಲಸಿ ತಿನ್ನುವ ಬಂಗಡೆ ಸಾರು-ಅನ್ನ. ಮಾಲೀಕರನ್ನು ಚಾಚಾ ಎನ್ನುತ್ತಿದ್ದೆ. ಮನೆಯಲ್ಲಿ ಭಟ್ಕಳದ ಮುಸ್ಲಿಮರ ನವಾಯತಿ ಭಾಷೆ ಮಾತಾಡುವ ಅವರು ನನ್ನನ್ನು ಮಾತ್ರ ಊರ ಕನ್ನಡದಲ್ಲೇ ಗದರುತ್ತಿದ್ದರು. ನಾನು ಕೂತರೆ ಸಾಕು, ಕೇಳದೆಯೇ ಮೀನು ಬರುತ್ತಿತ್ತು.

ಒಂದು ಮಧ್ಯಾಹ್ನ ಊರಿಂದ ಅಣ್ಣನ ಫೋನು ಬಂತು. ಅಪ್ಪ ಮೀನು ಹಿಡಿಯಲು ಹೋದ ಬೋಟು ಬೆಳಿಗ್ಗೆಯೇ ಬಂದರಿಗೆ ಬರಬೇಕಿತ್ತು, ಬಂದಿಲ್ಲ, ಗಾಳಿ ಜೋರಿದೆ, ವಯರ್‌ಲೆಸ್ಸಿಗೂ ಸಿಗುತ್ತಿಲ್ಲ ಎಂದ. ಆಮೇಲೆ ಅವನ ಫೋನೂ ಹತ್ತಲಿಲ್ಲ. ರೂಮಿನಲ್ಲಿ ಒಬ್ಬಳೇ ಕೂರಲಾರದೆ ಹೋಟೆಲಿಗೆ ಬಂದು ಚಾಚಾನಿಗೆ ಎಲ್ಲ ಹೇಳಿದೆ. ಅವರ ಅಳಿಯ ಭಟ್ಕಳ ಬಂದರಿನಲ್ಲಿ ಮೀನು ವ್ಯಾಪಾರ ಮಾಡುವವ.

"ಕೂತ್ಕೋ, ಅವನ ಹತ್ರ ಕೇಳ್ತೆ" ಎಂದು ಫೋನು ಹಿಡಿದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ತಟ್ಟೆ ತಂದಿಟ್ಟು, ನನ್ನ ಮುಖ ನೋಡದೆ ತಿರುಗಿ ಹೋದರು. ಅನ್ನ, ಬೇಳೆ ಸಾರು, ಉಪ್ಪಿನಕಾಯಿ. ಮೀನಿರಲಿಲ್ಲ.

ನಮ್ಮ ಕೇರಿಯಲ್ಲಿ ಸಾವಾದ ಮನೆಯವರು ಸೂತಕ ಕಳೆಯುವವರೆಗೆ ಮೀನು ಮುಟ್ಟುವುದಿಲ್ಲ. ನಮ್ಮಂಥವರ ನೆರೆಯಲ್ಲೇ ಬೆಳೆದ ಚಾಚಾನಿಗೆ ಅದು ಗೊತ್ತು. ಪಕ್ಕದ ಬೆಂಚಿನವನು ಬಂಗಡೆಯ ಮುಳ್ಳು ಬಿಡಿಸುತ್ತಿದ್ದ. ಅಂದರೆ ಮೀನು ಮುಗಿದಿರಲಿಲ್ಲ. ಸುದ್ದಿ ಬಂದಿದೆ, ಬಾಯಿಂದ ಹೇಳಲಾರದೆ ತಟ್ಟೆಯಲ್ಲಿ ಹೇಳಿದ್ದಾರೆ ಎಂದುಕೊಂಡೆ. ಕೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಅನ್ನ ಆರಿತು.

ಕೊನೆಗೆ ತಡೆಯಲಾಗಲಿಲ್ಲ. "ಚಾಚಾ, ಮೀನು ಎಂತಕ್ಕೆ ಹಾಕ್ಲಿಲ್ಲ?"

ಅವರು ಗಾಬರಿಯಾದರು. "ಅಯ್ಯೋ, ಸುದ್ದಿ ಎಂತದೂ ಬರ್ಲಿಲ್ಲ ಮಗಾ! ಅಳಿಯ ಫೋನೇ ಎತ್ತಲಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ, ಗೊತ್ತಿಲ್ದೆ ನಿಂಗೆ ಮೀನು ತಿನ್ನಿಸಿದ ಪಾಪ ನಂಗೆ ಬೇಡ ಅಂತ..." ಅವರೂ ನನ್ನಷ್ಟೇ ಹೆದರಿದ್ದರು.

"ಅಪ್ಪಂಗೆ ಎಂತದೂ ಆಗ್ಲಿಲ್ಲ. ಮೀನು ಹಾಕಿ" ಎಂದೆ.

ಹಾಕಿದರು. ತಿಂದೆ. ಅಪ್ಪ ಇಲ್ಲದಿದ್ದರೆ ತಿನ್ನುತ್ತಿರುವುದು ಪಾಪ. ತಿನ್ನದೆ ಬಿಟ್ಟರೆ, ಬದುಕಿರುವವನನ್ನು ನಾನೇ ಸಾಯಿಸಿದ ಹಾಗೆ.

ಕೈ ತೊಳೆಯುವ ಮೊದಲೇ ಅಳಿಯನ ಫೋನು ಬಂತು. ಇಂಜಿನ್ ಕೆಟ್ಟು ನಿಂತಿದ್ದ ಬೋಟನ್ನು ಬೇರೆ ಬೋಟಿನವರು ಭಟ್ಕಳಕ್ಕೆ ಎಳೆದು ತಂದಿದ್ದರು. ಅವನು ಫೋನನ್ನು ಅಪ್ಪನ ಕೈಗೇ ಕೊಟ್ಟ, ಚಾಚಾ ತಮ್ಮದನ್ನು ನನ್ನ ಕೈಗೆ ಕೊಟ್ಟರು. ಅಪ್ಪನ ಧ್ವನಿ ಕೇಳಿದ್ದೇ ತಡ, ಇಡೀ ಹೋಟೆಲು ತಿರುಗಿ ನೋಡುವಷ್ಟು ಜೋರಾಗಿ ಅತ್ತೆ.

"ಎಂತಕ್ಕೆ ಅಳೂದು? ಇಂಜಿನ್ ರಿಪೇರಿ ಆದ್ರೆ ಆತು. ನಾಡಿದ್ದು ಮತ್ತೆ ಹೋಗೂದೇ" ಎಂದ ಅಪ್ಪ.

ಹೋಗಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಸಮುದ್ರಕ್ಕೆ ಹೋಗುವುದರಿಂದಲೇ ನಾನು ದುಬೈಯಲ್ಲಿ ಓದುತ್ತಿದ್ದೆ.

"ಆತು" ಎಂದೆ.