ಬೀಡಿಯ ಕನ್ನಡಕ, ದೊಡ್ಡ ಪರದೆ

ಬೆಳ್ತಂಗಡಿಯಿಂದ ನಾಲ್ಕು ಸಾವಿರಕ್ಕೆ ತಂದ ಕಂಪ್ಯೂಟರ್ ಪರದೆ ಕೊನೆಗೆ ನನಗೆ ಹದಿಮೂರು ಸಾವಿರಕ್ಕೆ ಬಿತ್ತು. ಮುಚ್ಚುತ್ತಿದ್ದ ಒಂದು ಫೋಟೋ ಸ್ಟುಡಿಯೋದವರು ಅದಕ್ಕೆ ಏಳು ಸಾವಿರ ಹೇಳಿದ್ದರು. ನಾನು ಎರಡು ಸಲ ಮೆಟ್ಟಿಲಿಳಿದು ಹೋದಂತೆ ಮಾಡಿದೆ, ಮೂರನೆಯ ಸಲ ನಿಜವಾಗಿಯೂ ರಿಕ್ಷಾ ಹತ್ತಿದೆ. ಆಗ ನಾಲ್ಕಕ್ಕೆ ಬಂದರು. ಉಳಿದ ಒಂಬತ್ತು ಸಾವಿರ ರಕ್ತಪರೀಕ್ಷೆಗೆ, ಮಾತ್ರೆಗೆ, ಹೊಸ ಕನ್ನಡಕಕ್ಕೆ, ಕಡೆಗೆ ಇನ್ನೊಂದು ಸಣ್ಣ ಪರದೆಗೆ ಹೋಯಿತು. ಕಾರಣ ಒಂದೇ: ತಲೆ ತಿರುಗುತ್ತದೆ ಎಂದು ನನ್ನ ತಂಗಿ ಹೇಳಿದಾಗ, ಕೂತು ಕೂತು ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ನಾನು ತೀರ್ಮಾನಿಸಿದ್ದು.

ಹಾಗೆ ತೀರ್ಮಾನಿಸಲು ನನಗೆ ಆಧಾರವಿತ್ತು. ನಾವಿಬ್ಬರೂ ಸಿದ್ಧಕಟ್ಟೆಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಬೆಳೆದವರು. ಮೊದಲ ದಿನಗಳಲ್ಲಿ ಹೊಗೆಸೊಪ್ಪಿನ ಘಾಟಿಗೆ ತಲೆ ಸುತ್ತಿ ಇಬ್ಬರೂ ಹಿತ್ತಿಲಲ್ಲಿ ವಾಂತಿ ಮಾಡಿದ್ದೆವು. ಅಮ್ಮ ಮುಖ ತೊಳೆಸಿ ಮತ್ತೆ ಬೀಡಿ ಎಲೆಯ ಮೊರದ ಮುಂದೆ ಕೂರಿಸಿದರು. ಎರಡು ವಾರದಲ್ಲಿ ಘಾಟು ಇದೆಯೆನ್ನುವುದೇ ಮರೆತುಹೋಯಿತು. ನಮ್ಮ ಕಡೆ ಬೀಡಿ ಕಟ್ಟಿದ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ.

ನಾನು ಬೀಡಿ ಬಿಟ್ಟು ಪಾತ್ರೆ ವ್ಯಾಪಾರಕ್ಕೆ ಇಳಿದು, ಮೂಡುಬಿದಿರೆಯಲ್ಲಿ ಅಂಗಡಿ ಹಿಡಿದೆ; ವಾಸ ಮಾತ್ರ ಇಬ್ಬರದೂ ಸಿದ್ಧಕಟ್ಟೆಯ ಮನೆಯಲ್ಲೇ. ತಂಗಿ ಮದುವೆಯಾಗದೆ ಬೀಡಿಯಲ್ಲೇ ಉಳಿದಳು. ಈಚೆಗೆ ಅವಳಿಗೆ ಬೀಡಿ ಕಂಪನಿಯಿಂದ ವಾರಕ್ಕೆ ಮೂರು ದಿನ ಕಟ್ಟುವಷ್ಟು ಎಲೆ ಮಾತ್ರ ಸಿಗುವಂತಾಯಿತು. ನಲವತ್ತಮೂರರ ಪ್ರಾಯದಲ್ಲಿ ಅಕ್ಕನ ಕೈಯಿಂದ ಸುಮ್ಮನೆ ದುಡ್ಡು ತೆಗೆದುಕೊಳ್ಳುವವಳು ಅವಳಲ್ಲ. ಹಾಗಾಗಿ ಅಂಗಡಿಯಲ್ಲಿ ಬಿಲ್ಲು ಮಾಡುವ ಕುರ್ಚಿ ಕೊಟ್ಟೆ, ಸಂಬಳ ಗೊತ್ತುಮಾಡಿದೆ. ಆ ಕುರ್ಚಿ ಹೋದರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಪ್ರಾಯದ ಕಣ್ಣಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂದೇ ಆ ದೊಡ್ಡ ಪರದೆಯನ್ನು ತಂದದ್ದು.

ನಾಲ್ಕನೆಯ ದಿನ ಅವಳು ಮೆಲ್ಲಗೆ ಹೇಳಿದಳು, "ಅಕ್ಕ, ಆ ಸಾಮಾನಿನ ಪಟ್ಟಿ ಮೇಲೆ ಮೇಲೆ ಓಡುವಾಗ ಹೊಟ್ಟೆ ತೊಳಸಿದ ಹಾಗೆ ಆಗ್ತದೆ."

"ಹೊಸತರಲ್ಲಿ ಹಾಗೆಯೇ ಮಾರಾಯ್ತಿ. ಹೊಗೆಸೊಪ್ಪಿಗೆ ಹೆದರದವಳು ಇದಕ್ಕೆ ಹೆದರುವುದಾ?"

"ಹೊಗೆಸೊಪ್ಪು ಓಡ್ತಾ ಇರ್ಲಿಲ್ಲ."

ನಾನು ನಕ್ಕೆ. ಅವಳು ಪುನಃ ಕೂತಳು.

ಎರಡು ವಾರ ಕಳೆಯಿತು, ಮೂರೂ ಕಳೆಯಿತು. ಅವಳ ಬುತ್ತಿ ಹಾಗೆಯೇ ಮನೆಗೆ ವಾಪಸಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕಂಬಿ ಹಿಡಿದು ಕೂರುತ್ತಿದ್ದಳು. ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದೆ. ಊರಿನ ಡಾಕ್ಟರು ರಕ್ತ, ಸಕ್ಕರೆ, ಬಿಪಿ ಎಲ್ಲ ನೋಡಿ ಏನೂ ಇಲ್ಲವೆಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಅವಳು ಬಿಲ್ಲಿನ ಮುಂದೆಯೇ ತೂಕಡಿಸಿದಳು.

ಒಂದು ದಿನ ಕುಕ್ಕರು ಕೊಳ್ಳಲು ಬಂದಿದ್ದ ಪುತ್ತಿಗೆಯ ಹೆಂಗಸೊಬ್ಬರು ತಂಗಿ ಬಾಯಿಗೆ ಸೆರಗು ಒತ್ತಿ ಹಿಂದಿನ ಬಾಗಿಲಿಗೆ ಓಡಿದ್ದನ್ನು ಕಂಡರು. "ಎಂತ ಇವರೇ, ನಿಮ್ಮ ತಂಗಿಗೆ ಈ ಪ್ರಾಯದಲ್ಲಿ ವಾಂತಿ? ವಿಶೇಷ ಉಂಟಾ?" ಎಂದು ಕಣ್ಣು ಮಿಟುಕಿಸಿದರು.

"ಕುಕ್ಕರಿಗೆ ಹೇಳಿದ್ದೇ ರೇಟು. ಒಂದು ರೂಪಾಯಿ ಕಡಿಮೆ ಇಲ್ಲ," ಎಂದೆ. ಅವರು ಕೊಳ್ಳದೆ ಹೋದರು. ನನಗೆ ನಷ್ಟವೆನಿಸಲಿಲ್ಲ. ಆದರೆ ಹಿಂದಿನ ಬಾಗಿಲಲ್ಲಿ ನಿಂತಿದ್ದ ತಂಗಿಗೆ ಆ ಮಾತು ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡಲಿಲ್ಲ. ಅಟ್ಟದಿಂದ ಹಳೆಯ ಬೀಡಿ ಮೊರ ಇಳಿಸಿ, ಕಾಲು ಚಾಚಿ ಕೂತು, ಧೂಳು ಒರೆಸುತ್ತಿದ್ದಳು. ಮೂಗಿನ ತುದಿಯಲ್ಲಿ ಅವಳ ಕನ್ನಡಕ.

"ನಿನ್ನ ಕುರ್ಚಿಗೆ ಬೇರೆ ಯಾರನ್ನಾದರೂ ಇಟ್ಕೊ ಅಕ್ಕ. ನನಗೆ ಮೂರು ದಿನದ ಎಲೆ ಸಾಕು."

"ಮೂರು ದಿನದ ಎಲೆಯಲ್ಲಿ ಏಳು ದಿನ ಹೇಗೆ ಉಣ್ತಿ?"

ಅವಳು ಮೊರದ ಅಂಚನ್ನು ನೋಡುತ್ತಿದ್ದಳು. ಅಲ್ಲಿ ಬಿದಿರಿನ ಎಳೆಯೊಂದು ಬಿಚ್ಚಿತ್ತು, ಅದನ್ನು ಒಂದೇ ಸಲಕ್ಕೆ ಹಿಡಿದು ಒಳಗೆ ಸಿಕ್ಕಿಸಿದಳು. ತಲೆ ತಿರುಗುವವಳ ಕೈಯಲ್ಲ ಅದು. ಮಡಿಲಿನಷ್ಟು ದೂರದಲ್ಲಿ ಅವಳಿಗೆ ಯಾವ ತೊಂದರೆಯೂ ಇಲ್ಲವೆಂದು ನನಗೆ ಆಗ ಹೊಳೆಯಿತು. ಮೊದಲು ನಾನು ಮಾಡಬೇಕಾಗಿದ್ದ ಕೆಲಸವನ್ನು ಅಂದು ಮಾಡಿದೆ. ಅಂಗಡಿಗೆ ಹೋಗಿ ಅವಳ ಕುರ್ಚಿಯಲ್ಲಿ ನಾನೇ ಕೂತೆ. ಪಟ್ಟಿಯನ್ನು ಸರಸರ ಓಡಿಸುತ್ತ ಅರ್ಧ ಗಂಟೆ ಕಳೆಯುವಷ್ಟರಲ್ಲಿ ವಾಕರಿಕೆ ಬಂದು, ಮೇಜು ಹಿಡಿದುಕೊಳ್ಳಬೇಕಾಯಿತು.

ಮಧ್ಯಾಹ್ನವೇ ಮನೆಗೆ ಹೋಗಿ, "ಏಳು, ಕಣ್ಣಿನ ಡಾಕ್ಟರ ಹತ್ತಿರ ಹೋಗುವ," ಎಂದು ಅವಳನ್ನು ಎಬ್ಬಿಸಿದೆ.

ಪರದೆಯ ವಿಷಯವೆಲ್ಲ ಕೇಳಿಕೊಂಡ ಡಾಕ್ಟರಮ್ಮ ಕನ್ನಡಕವನ್ನು ತಿರುಗಿಸಿ ನೋಡಿ, "ಇದನ್ನು ಎಂತದಕ್ಕೆ ಮಾಡಿಸಿದ್ದು?" ಎಂದರು.

"ಬೀಡಿಗೆ," ಎಂದಳು ತಂಗಿ.

"ಹಾಗೆ ಹೇಳಿ! ಕೆಳಗಿನ ಭಾಗ ಮಡಿಲು ನೋಡ್ಲಿಕ್ಕೆ, ಮೇಲಿನದ್ದು ರಸ್ತೆ ನೋಡ್ಲಿಕ್ಕೆ. ಪರದೆ ಎರಡರ ನಡುವೆ ಉಂಟು. ನೀವು ಗದ್ದ ಎತ್ತಿ ಎತ್ತಿ ನೋಡುವುದಲ್ವಾ? ಮತ್ತೆ ಅಷ್ಟು ದೊಡ್ಡ ಪರದೆಯಲ್ಲಿ ಪಟ್ಟಿ ಓಡುವಾಗ ಕಣ್ಣು ಹೇಳ್ತದೆ ನಾವು ಹೋಗ್ತಾ ಇದ್ದೇವೆ ಅಂತ. ಕಿವಿಯೊಳಗಿನದ್ದು ಹೇಳ್ತದೆ ಕೂತಿದ್ದೇವೆ ಅಂತ. ಜಗಳ ಅವರಿಬ್ಬರದ್ದು, ಪೆಟ್ಟು ಹೊಟ್ಟೆಗೆ."

"ಅಭ್ಯಾಸ ಆಗುವುದಿಲ್ವಾ?" ಎಂದು ನಾನೇ ಕೇಳಿದೆ.

"ಕೆಲವರಿಗೆ ಆಗ್ತದೆ. ಇವರನ್ನು ಹೀಗೆ ಕೂರಿಸಿದರೆ ಹೆಚ್ಚೇ ಆಗ್ತದೆ."

ತಂಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಪರದೆಯ ದೂರಕ್ಕೆ ಸರಿಯಾದ ಕನ್ನಡಕ ಬಂತು. ಸಣ್ಣ ಪರದೆಯನ್ನು ಕಣ್ಣಿಗಿಂತ ಸ್ವಲ್ಪ ಕೆಳಗೆ ಇಟ್ಟೆವು. ಪಟ್ಟಿ ಓಡಿಸುವ ಬದಲು ಸಾಮಾನಿನ ನಂಬರು ಒತ್ತಿದರೆ ಸಾಕಾಗುವಂತೆ ಮಾಡಿಸಿದೆ. ಇಷ್ಟಾದರೂ ಪೂರ್ತಿ ಗುಣವಾಗಿಲ್ಲ. ಗಿರಾಕಿ ಹೆಚ್ಚಿರುವ ದಿನ ಈಗಲೂ ಅವಳ ಮುಖ ಬಿಳಚಿಕೊಳ್ಳುತ್ತದೆ. ಆಗ ಅವಳು ಎದ್ದು ಪಾತ್ರೆ ತೂಗುವ ತಕ್ಕಡಿಗೆ ಹೋಗುತ್ತಾಳೆ, ನಾನು ಕುರ್ಚಿಗೆ ಬರುತ್ತೇನೆ. ಸಂಬಳ ಅಷ್ಟೇ ಇದೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಯಾರಾದರೂ ಪರದೆ ನೋಡಿದರೆ ತಲೆ ತಿರುಗುತ್ತದೆ ಎಂದರೆ, ಮೊದಲು ಬಿಪಿ, ಸಕ್ಕರೆ ನೋಡಿಸಿ. ಅದರಲ್ಲಿ ಚೌಕಾಸಿ ಬೇಡ. ಆಮೇಲೆ ಅವರ ಕುರ್ಚಿಯಲ್ಲಿ ನೀವೇ ಅರ್ಧ ಗಂಟೆ ಕೂತು ನೋಡಿ. ಕಣ್ಣಿನಿಂದ ಪರದೆಗೆ ಒಂದು ನೂಲು ಹಿಡಿದು ಅಳೆದು, ಆ ನೂಲನ್ನೇ ಕಣ್ಣಿನ ಡಾಕ್ಟರಿಗೆ ತೋರಿಸಿ; ಬಾಯಿಮಾತಿನ ದೂರ ಯಾವಾಗಲೂ ತಪ್ಪು. ದೊಡ್ಡದು ಅಗ್ಗಕ್ಕೆ ಸಿಕ್ಕಿತೆಂದು ಪರದೆ ತರಬೇಡಿ. ಇದೆಲ್ಲಕ್ಕೂ ಮೊದಲು, ಎದ್ದು ಹೋದರೆ ಕೆಲಸ ಹೋಗುವುದಿಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಅಷ್ಟು ಹೇಳದಿದ್ದರೆ, ಹೊಟ್ಟೆ ತೊಳಸುತ್ತಿದ್ದರೂ ಅವರು ನಿಮ್ಮೆದುರು ನಗುತ್ತಲೇ ಕೂತಿರುತ್ತಾರೆ.