ತೆಲ್ದಪುರ ನೋಡಿ ಬಂದದ್ದು

ಶನಿವಾರ ಬೆಳಗ್ಗೆ ಬೆಂಗಳೂರು ದಂಡಿನ ಸ್ಟೇಷನ್ನಿನಿಂದ ಮೂರನೇ ದರ್ಜೆಯಲ್ಲಿ ಹೊರಟೆ. ಕಾರಣ ಒಂದು ಕರಪತ್ರ: ಕೋಲಾರದ ಚಿನ್ನದ ಗಣಿಗಳ ಹತ್ತಿರ ದೈತ್ಯರ ನಗರ ಸಿಕ್ಕಿದೆ, ಸಂಜೆ ಪರದೆಯ ಮೇಲೆ ಲಾಂದ್ರದ ಚಿತ್ರಗಳುಂಟು, ಟಿಕೆಟ್ಟು ಎರಡಾಣೆ. ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವ ನಾನು ಇಂಥದ್ದಕ್ಕೆ ಬೀಳಬಾರದಿತ್ತು, ಬಿದ್ದೆ. ಬಂಗಾರಪೇಟೆಯಲ್ಲಿ ಇಳಿದು ಇಡ್ಲಿ ತಿಂದು ಮಾರಿಕುಪ್ಪಂ ಗಾಡಿ ಹತ್ತಿದೆ. ಹತ್ತು ಮೈಲಿಯ ದಾರಿ. ಬಿಸಿಲು ಆಗಲೇ ಏರಿತ್ತು, ಡಬ್ಬಿಯ ತುಂಬ ಮೂರು ಭಾಷೆಯ ಗಲಾಟೆ.

ಮಾರಿಕುಪ್ಪಂನಿಂದ ಜಟಕಾ ಹಿಡಿದು ಪಕ್ಕದ ಹಳ್ಳಿಯ ಗೋಮಾಳಕ್ಕೆ ಹೋದೆ. ಅಲ್ಲಿ ಅಗಲವಾದ ಒಂದು ಬಂಡೆ, ಅದರ ಮೇಲೆ ಸಾಲಾಗಿ ಒರಳಿನಂಥ ಗುಳಿಗಳು. ಸುತ್ತ ನೆರೆದ ಜನರ ನಡುವೆ ಜರಿ ರುಮಾಲಿನ ಪ್ರೊಫೆಸರ್ ಕೋಲು ಹಿಡಿದು ನಿಂತಿದ್ದರು. ಹುಬ್ಬಳ್ಳಿ ಕಡೆಯವರು, ಪ್ರೊಫೆಸರ್ ಎಂಬುದು ತಾವೇ ಇಟ್ಟುಕೊಂಡ ಬಿರುದು.

"ಇವು ತಾಟು ನೋಡ್ರಿ. ದೈತ್ಯರು ಇಲ್ಲೇ ಸಾಲಾಗಿ ಕುಂತು ಉಣ್ತಿದ್ರು," ಎಂದರು. ರಾಜ ಎಲ್ಲಿ ಕೂರುತ್ತಿದ್ದ, ಅಳಿಯ ಎಲ್ಲಿ ಕೂರುತ್ತಿದ್ದ ಎಂದು ಕೋಲಿನಿಂದ ತೋರಿಸಿದರು. ನಿಜ ಹೇಳುತ್ತೇನೆ, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಜನ ಚದುರಿದ ಮೇಲೆ ಅಲ್ಲೇ ಆಡು ಮೇಯಿಸುತ್ತಿದ್ದ ಮುನಿಯಮ್ಮ ಎಂಬ ಮುದುಕಿ ನನ್ನ ಬಳಿ ಬಂದಳು.

"ಓದ್ದೋರಂಗೆ ಕಾಣ್ತೀರ ಸ್ವಾಮಿ. ನಾಳೆ ಆ ರುಮಾಲಿನೋನ ಕಲ್ಲುಕುಟಿಗ್ರು ಬಂದು ಈ ಬಂಡೆ ಸೀಳ್ಕೊಂಡು ಓಗ್ತಾರಂತೆ, ಮದ್ರಾಸ್ನಾಗೆ ತೋರ್ಸಕ್ಕೆ. ಪಟೇಲ್ರೂ ಊಂ ಅಂದವ್ರೆ. ನೀವಾದ್ರೂ ಅವ್ರಿಗೆ ಒಂದ್ ಮಾತು ಏಳಿ. ನಮ್ ತಾತ ಕಲ್ಲು ಕುಟ್ಟಿ ಚಿನ್ನ ತೆಗೀತಿದ್ದ ಗುಳಿ ಇವು. ಅವ್ನ ಗುರ್ತು ಅಂತ ನಮಗೆ ಇನ್ನೇನೂ ಇಲ್ಲ."

"ನೋಡೋಣ ಅಜ್ಜಿ," ಎಂದು ಜಾರಿಕೊಂಡೆ. ನನಗೂ ದೈತ್ಯರೇ ಬೇಕಾಗಿದ್ದರು. ಜಟಕಾದಲ್ಲಿ ಕೂತ ಮೇಲೆ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಸಂಜೆಯ ಆಟ ನಂದಿದುರ್ಗ ಗಣಿಯ ಕೂಲಿಗಳ ಗುಡಿಸಲು ಸಾಲುಗಳ, ಅಂದರೆ ಲೈನುಗಳ, ಪಕ್ಕದ ಡೇರೆಯಲ್ಲಿ. ಪಟೇಲರಿಗೆ ಕುರ್ಚಿ, ನಮಗೆಲ್ಲ ಚಾಪೆ. ಮುನಿಯಮ್ಮನೂ ನಡೆದು ಬಂದು ಮುಂದೆಯೇ ಕೂತಿದ್ದಳು. ಪರದೆಯ ಮೇಲೆ ಬಂಡೆಯ ಚಿತ್ರ ಮೂಡಿದಾಗ ಪ್ರೊಫೆಸರ್ ದನಿ ತಗ್ಗಿಸಿದರು.

"ಈ ನಗರದ ಹೆಸರು ಇಲ್ಲಿಯ ಮುದುಕಿ ಒಬ್ಬಾಕಿ ಬಾಯಾಗ ಉಳದಿತ್ರಿ. ನಾ ಕೇಳಿದ ಕೂಡ್ಲೇ ಹೇಳಿದ್ಳು. ತೆಲ್ದಪುರ."

ಮುನಿಯಮ್ಮ ಎದ್ದು ನಿಂತಳು. "ಆ ಮುದುಕಿ ನಾನೇ ಕಣಪ್ಪ. ನಿನ್ ಮಾತು ನಂಗೆ ತಲೆಬುಡ ತಿಳೀನಿಲ್ಲ. ಯಾವ್ದೋ ದೇಸದೋನು ಅಂದ್ಕೊಂಡು ತೆಲುಗ್ನಾಗೆ ತೆಲ್ದಪ್ಪಾ, ಗೊತ್ತಿಲ್ಲಪ್ಪಾ ಅಂದೆ. ನೀನು ಅದಕ್ಕೊಂದು ಊರೇ ಕಟ್ಬುಟ್ಟೆ."

ಡೇರೆಗೆ ಡೇರೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ಎದ್ದು, "ಗುಳಿಗಳ ವಿಷಯವನ್ನೂ ಆಕೆಯನ್ನೇ ಕೇಳಿ ಪಟೇಲರೇ," ಎಂದೆ. ತಡವಾಗಿಯಾದರೂ ಬಾಯಿ ಬಂತು.

"ಬೆಳಿಗ್ಗೆ ಬನ್ನಿ, ತೋರಿಸ್ತೀನಿ," ಎಂದಳು ಮುನಿಯಮ್ಮ.

ಭಾನುವಾರ ಲೈನುಗಳ ಅರ್ಧ ಜನ ಬಂಡೆಯ ಹತ್ತಿರ ಸೇರಿದರು. ಕಲ್ಲುಕುಟಿಗರು ಉಳಿ ಕೆಳಗಿಟ್ಟು ಕಾದರು. ಮುನಿಯಮ್ಮ ಅಲ್ಲೇ ಬಿದ್ದಿದ್ದ ಬೆಣಚುಕಲ್ಲನ್ನು ಗುಳಿಗೆ ಹಾಕಿ ಗುಂಡುಕಲ್ಲಿನಿಂದ ಕುಟ್ಟಿ ಪುಡಿ ಮಾಡಿದಳು. ಪುಡಿಯನ್ನು ಮರಿಗೆಯಲ್ಲಿ ಹಾಕಿ, ನೀರು ಬಿಟ್ಟು, ತುಂಬ ಹೊತ್ತು ಜಾಲಾಡಿಸಿದಳು. ತಳದಲ್ಲಿ ಸಾಸಿವೆಗಿಂತ ಸಣ್ಣದೊಂದು ಹಳದಿ ಚುಕ್ಕೆ ಉಳಿಯಿತು. ಎಲ್ಲರಿಗೂ ತೋರಿಸಿ, ಚಿನ್ನ ಇಟ್ಟುಕೊಂಡವರನ್ನು ಹಿಡಿಯುವ ಗಣಿಯ ಕಾವಲಿನವರ ಭಯಕ್ಕೆ ಅದನ್ನು ಮಣ್ಣಿಗೇ ಚೆಲ್ಲಿದಳು.

ದಿನವೂ ಪಾತಾಳಕ್ಕಿಳಿದು ಅದೇ ಕಲ್ಲು ಒಡೆಯುವ ತಮಿಳು ಕೂಲಿಯೊಬ್ಬ ಗುಳಿಯೊಳಗೆ ಕೈಯಾಡಿಸಿ, "ಇದು ನಮ್ಮ ವೇಲೈದಾನೇ," ಎಂದ. ನಮ್ಮದೇ ಕೆಲಸ ಎಂದು. ಮುದುಕಿಯ ತಾತನ ಹೆಸರು ಕೇಳಿದ.

"ದೊಡ್ಡಮುನಿಯ," ಎಂದಳು ಗಟ್ಟಿಯಾಗಿ. ನಾನು ಅದನ್ನು ಕರಪತ್ರದ ಬೆನ್ನಿಗೆ ಬರೆದುಕೊಂಡೆ.

ಪಟೇಲರು ಕಲ್ಲುಕುಟಿಗರನ್ನು ವಾಪಸು ಕಳಿಸಿದರು. ಪ್ರೊಫೆಸರ್ ಮೊದಲ ಗಾಡಿಗೇ ಹೋಗಿದ್ದರಂತೆ.

ಮಧ್ಯಾಹ್ನ ಬಂಗಾರಪೇಟೆಗೆ ಹೊರಡಲಿದ್ದ ಗಾಡಿಯಲ್ಲಿ ನನ್ನೆದುರು ಕೂತ ರೈತರೊಬ್ಬರು ತಮ್ಮ ಭಾವಮೈದುನನನ್ನು ಗದರುತ್ತಿದ್ದರು: "ಇಷ್ಟು ದೂರ ಬಂದು ದೊಡ್ಡಮುನಿಯನ ಬಂಡೆ ನೋಡ್ನಿಲ್ವೇನ್ಲಾ? ಇಳಿ, ಗಾಡಿ ಇನ್ನೂ ಒಂಟಿಲ್ಲ. ನೋಡ್ಕೊಂಡು ಸಂಜೆ ಗಾಡಿಗೆ ಬಾ."