ಗುಡಿ ಲೆಕ್ಕಕ್ಕೆ ಬಾರದ ಗುಡಿ

ಅಪ್ಪ ಹೋದ ಮೇಲೆ ಅವ್ವ ಒಂದು ಕಡೆ ಕೂತದ್ದನ್ನು ನಾನು ನೋಡಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು, ಕೊಟ್ಟಿಗೆಗೆ ಹೋಗಿ ಹಸುಗಳ ಮುಂದೆ ಸುಮ್ಮನೆ ನಿಂತು ವಾಪಸು ಬರುವಳು. ಒಂದು ಬೆಳಗ್ಗೆ ಹಾಲು ಕರೆಯಲೆಂದು ಅದೇ ಕೊಟ್ಟಿಗೆಗೆ ಹೋದ ಅಪ್ಪ ಅಲ್ಲೇ ಕುಸಿದು, ಯಾರೊಂದಿಗೂ ಮಾತಾಡದೆ ಹೋಗಿಬಿಟ್ಟಿದ್ದರು. ಅವ್ವ ಅವತ್ತು ಅಳಲಿಲ್ಲ. ತಿಥಿಯ ದಿನವೂ ಅಳಲಿಲ್ಲ, ಬಂದವರಿಗೆಲ್ಲ ಎಲೆ ಹಾಕಿದ್ರಾ, ನೀರು ಕೊಟ್ರಾ ಎಂದು ಓಡಾಡಿಕೊಂಡೇ ಇದ್ದಳು.

ನಾನು ಪಾಂಡವಪುರದಲ್ಲಿ ಕೆಲಸದಲ್ಲಿದ್ದೇನೆ. ರಜೆ ಬಂದರೆ ಕಾರು ತೆಗೆದುಕೊಂಡು ಅಕ್ಕಿಹೆಬ್ಬಾಳಿನ ಪಕ್ಕದ ನಮ್ಮೂರಿಗೆ ಓಡುತ್ತಿದ್ದೆ. ಹೋದರೆ ಅವ್ವನ ಹಿಂದೆ ನಾನು, ನನ್ನ ಮುಂದೆ ಅವ್ವ. ಕೂತ್ಕೋ ಎಂದರೆ ಇಗೋ ಬಂದೆ ಎನ್ನುವಳು, ಬರುವುದಿಲ್ಲ. ತಟ್ಟೆಯಲ್ಲಿ ಮುದ್ದೆ ತಣ್ಣಗಾಗುವುದು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇವಳು ಹೀಗೇ ಸವೆದು ಸವೆದು ಅಪ್ಪನ ಹಿಂದೆಯೇ ಹೊರಟುಬಿಡುತ್ತಾಳೆ ಅನ್ನಿಸುತ್ತಿತ್ತು.

ಅವ್ವನಿಗೆ ಸುಖದುಃಖ ಹೇಳಿಕೊಳ್ಳಲು ಇದ್ದ ಜಾಗ ಒಂದೇ, ಗಂಜಾಂನ ನಿಮಿಷಾಂಬ ದೇವಿಯ ಗುಡಿ. ನನ್ನ ಮದುವೆ ತಡವಾದಾಗ, ಹಸು ಸತ್ತಾಗ, ದೊಡ್ಡಪ್ಪನ ಜೊತೆ ಗದ್ದೆಯ ಬದುವಿನ ಜಗಳವಾದಾಗ, ಎಲ್ಲದಕ್ಕೂ ಬಸ್ಸು ಹತ್ತಿ ಹೋಗಿ ಅಮ್ಮನ ಮುಂದೆ ನಿಂತು, ಹೊಳೆ ಮೆಟ್ಟಿಲ ಮೇಲೆ ಕೂತು ಅತ್ತು, ಹಗುರವಾಗಿ ಬರುತ್ತಿದ್ದಳು. ಈಗ ಅದೂ ಇಲ್ಲ. ಸಾವಾದ ಮನೆಯವರು ವರ್ಷ ತುಂಬುವ ತನಕ ಗುಡಿಯ ಹೊಸ್ತಿಲು ತುಳಿಯಬಾರದು ಎನ್ನುವುದು ನಮ್ಮ ಮನೆತನದ ಕಟ್ಟಳೆ. ನಾನು ಬೇರೆ ಮನೆಗೆ ಕೊಟ್ಟ ಹೆಣ್ಣು, ನನ್ನ ಸೂತಕ ಬೇಗ ಕಳೆಯಿತು. ಅದೇ ಅಪ್ಪನಿಗೆ ಹುಟ್ಟಿದ ನಾನು ಯಾವ ಗುಡಿಗಾದರೂ ಹೋಗಬಹುದು, ಅವ್ವ ಹೋಗುವಂತಿಲ್ಲ. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರೆ. ನಮ್ಮಲ್ಲಿ ಸಂಕಟ ಬಂದಾಗಲೇ ವೆಂಕಟರಮಣ ಬಾಗಿಲು ಹಾಕಿಕೊಳ್ಳುತ್ತಾನೆ.

ಇದನ್ನೇ ದೊಡ್ಡಪ್ಪನ ಮುಂದೆ ಒದರಿದೆ. ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅವರು ಎಲೆ ಮಡಿಚಿ ಬಾಯಿಗಿಟ್ಟುಕೊಂಡು, "ಎಲ್ಲಾರಾ ಸುತ್ತಾಡ್ಸ್ಕಂಡ್ ಬಾ. ಗುಡಿ ಬ್ಯಾಡ ಅಷ್ಟೆ," ಎಂದರು.

"ಬೈಲಕುಪ್ಪೆಗೆ ಕರ್ಕೊಂಡ್ ಹೋಗ್ಲಾ? ಟಿಬೆಟಿನವರ ಬುದ್ಧ."

"ಬುದ್ಧ ಅಂದ್ರೆ ಅರಮನೆ ಬುಟ್ಟು ಓದ ರಾಜ ಅಲ್ವಾ? ಇಸ್ಕೂಲ್ ಪುಸ್ತಕದಲ್ಲಿ ಇತ್ತು. ಮಂಗಳಾರತಿ ಇಲ್ಲ, ತೀರ್ಥ ಇಲ್ಲ. ಅದು ಗುಡಿ ಲೆಕ್ಕಕ್ಕೆ ಬರಾಕಿಲ್ಲ ಬುಡು, ಓಗ್ಬುಟ್ ಬನ್ನಿ."

ಮನೆತನದ ಹಿರಿಯರೇ ಹೇಳಿದ ಮೇಲೆ ಅವ್ವನೂ ಒಪ್ಪಿದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬೆಳಗ್ಗೆಯೇ ಹೊರಟೆವು. ದಾರಿಯುದ್ದಕ್ಕೂ ಅವ್ವ ಸೀಟಿನ ತುದಿಯಲ್ಲೇ ಇದ್ದಳು. ಕೆ.ಆರ್. ನಗರ ದಾಟುವ ಮೊದಲು ಕರುವಿನ ಹಗ್ಗ ಗಟ್ಟಿಯಾಗಿ ಕಟ್ಟಿದೆನೋ ಇಲ್ಲವೋ ಎಂದಳು. ಹುಣಸೂರಿನಲ್ಲಿ, ಒಲೆ ಆರಿಸಿದೆನಾ ಎಂದಳು. ಪಿರಿಯಾಪಟ್ಟಣ ಬರುವ ಹೊತ್ತಿಗೆ, ಸಂಜೆ ಹಾಲು ಕರೆಯಲು ಪಕ್ಕದ ಮನೆಯವರು ಮರೆತರೆ ಏನು ಗತಿ ಎಂದು ಶುರು ಮಾಡಿದಳು. ನಾನು ಮೊದಮೊದಲು ಸಮಾಧಾನ ಹೇಳಿದೆ, ಆಮೇಲೆ ಸುಮ್ಮನೆ ಗೇರು ಬದಲಿಸಿದೆ.

ಬೈಲಕುಪ್ಪೆಯ ಗುಡಿಯ ಆವರಣದಲ್ಲಿ ಜನವೋ ಜನ. ಅರ್ಧ ನಮ್ಮ ಹಾಗೆ ನೋಡಲು ಬಂದವರು, ಇನ್ನರ್ಧ ಕೆಂಪು ಬಟ್ಟೆಯ ಸನ್ಯಾಸಿಗಳು ಮತ್ತು ಮಣಿ ಎಣಿಸುತ್ತ ಸುತ್ತು ಹಾಕುವ ಅವರ ಹಿರಿಯರು. ಅವ್ವ ಚಪ್ಪಲಿ ಬಿಟ್ಟು ನನ್ನ ಹಿಂದೆ ಒಳಗೆ ಬಂದಳು. ಎದುರಿಗೆ ಸೂರಿನವರೆಗೂ ಎದ್ದು ಕೂತ ಮೂರು ಚಿನ್ನದ ಮೂರ್ತಿಗಳು. ಅವ್ವನ ಕೈ ತಾನಾಗಿಯೇ ಮುಗಿಯಿತು. ಮುಗಿದ ಕೈಯನ್ನು ಅವಳೇ ನೋಡಿಕೊಂಡಳು.

"ಇದು ದ್ಯಾವ್ರೇ ಕಣವ್ವ," ಎಂದವಳೇ ಜನರನ್ನು ತಳ್ಳಿಕೊಂಡು ಹೊರಗೆ ಓಡಿದಳು.

ನಾನು ಹಿಂದೆ ಓಡಿ ಹುಡುಕುವಷ್ಟರಲ್ಲಿ ನಲ್ಲಿಯ ಹತ್ತಿರ ನಿಂತು ಕಾಲಿಗೆ ನೀರು ಸುರಿದುಕೊಳ್ಳುತ್ತಿದ್ದಳು. ಸುರಿದದ್ದೇ ಸುರಿದದ್ದು. ಸೀರೆಯ ಅಂಚು ತೊಯ್ದು ತೊಪ್ಪೆಯಾಗಿತ್ತು. ನನಗೆ ರೇಗಿತು. ಇಷ್ಟು ದೂರ ಬಂದು ಇದೇನು ನಿನ್ನ ಆಟ, ದೊಡ್ಡಪ್ಪನೇ ಹೇಳಿಲ್ಲವಾ, ಯಾವ ದೇವರು ನಿನ್ನ ಕಾಲು ಮುರಿಯುತ್ತಾನೆ ಎಂದು ಬಾಯಿಗೆ ಬಂದದ್ದು ಬೈದೆ.

"ನಂಗೇನಾದ್ರೂ ಆಗ್ಲಿ ಬುಡು," ಎಂದಳು ಅವ್ವ, ನಲ್ಲಿ ನಿಲ್ಲಿಸದೆ. "ವರ್ಸ ತುಂಬೋಗಂಟ ನಿಮ್ಮಪ್ಪ ದಾರೀಲಿ ನಡೀತಾ ಇರ್ತಾರೆ. ಇಲ್ಲಿ ನಾನ್ ತಪ್ಪು ಮಾಡುದ್ರೆ ಅಲ್ಲಿ ಅವರ ಕಾಲಿಗೆ ಮುಳ್ಳಾಯ್ತದೆ. ಚಪ್ಲೀನೂ ಇಲ್ದೆ ಓಗವ್ರೆ."

ಇಷ್ಟು ದಿನ ಅವ್ವ ಕೂರದೆ ಇದ್ದದ್ದು ಇದಕ್ಕಾ ಎಂದು ಆಗ ಹೊಳೆಯಿತು. ಅಪ್ಪ ನಡೆಯುತ್ತಿರುವಾಗ ತಾನು ಹೇಗೆ ಕೂರುವುದು? ನಲ್ಲಿ ನಿಲ್ಲಿಸಿ ಅವಳ ಸೀರೆಯ ಅಂಚು ಹಿಂಡಿದೆ.

ನಲ್ಲಿಯ ಪಕ್ಕದಲ್ಲೇ ಕಿಟಕಿಗಳಿದ್ದ ಚಿಕ್ಕ ಕೋಣೆಯೊಂದಿತ್ತು. ಒಳಗೆ ಸಾಲುಸಾಲಾಗಿ ದೀಪ. ಅವಕ್ಕೆ ಬತ್ತಿ ಸರಿಮಾಡುತ್ತಿದ್ದ, ಉದ್ದ ನಿಲುವಂಗಿಯ ಟಿಬೆಟಿನ ಹೆಂಗಸೊಬ್ಬಳು ನಮ್ಮನ್ನು ನೋಡುತ್ತಿದ್ದಳು. ವಯಸ್ಸಿನಲ್ಲಿ ಅವ್ವನಿಗೆ ಸಮ. ಹೊರಗೆ ಬಂದು, "ಅಕ್ಕ, ಯಾಕೆ ಹೆದರಿಕೊಂಡ್ರಿ?" ಎಂದು ಕನ್ನಡದಲ್ಲೇ ಕೇಳಿದಳು.

ನಾನು ಹೇಳಿದೆ. ಮನೆಯಲ್ಲಿ ಸಾವಾಗಿದೆ, ನಮ್ಮಲ್ಲಿ ಗುಡಿಗೆ ಹೋಗಬಾರದು, ಗೊತ್ತಿಲ್ಲದೆ ಒಳಗೆ ಹೋದೆವು ಎಂದೆ.

ಆಕೆಗೆ ಅರ್ಥವೇ ಆಗಲಿಲ್ಲ. "ಸಾವಾದ್ರೆ ಬರಬಾರದಾ?" ಎಂದು ಮತ್ತೆ ಕೇಳಿದಳು. "ನಮ್ಮಲ್ಲಿ ಸಾವಾದ್ರೇ ಮೊದಲು ಇಲ್ಲಿಗೆ ಬರೋದು. ಸತ್ತವರು ಹೋಗೋ ದಾರಿ ಕತ್ತಲೆ ಅಲ್ವಾ ಅಕ್ಕ? ಅದಕ್ಕೇ ಈ ದೀಪ ಎಲ್ಲ."

ಅವ್ವ ಆ ದೀಪಗಳನ್ನೇ ನೋಡುತ್ತ ನಿಂತಳು. "ಸತ್ತೋರು ನಡೀತಾರೆ ಅಂತಾರಾ, ಇವ್ರಲ್ಲೂ?" ಎಂದು ನನ್ನನ್ನು ಕೇಳಿದಳು. ಆ ಹೆಂಗಸು, ಹೂಂ ಅಕ್ಕ, ನಡೀತಾರೆ ಎಂದಳು. ಅವ್ವ ಆಕೆಯ ಹಿಂದೆ ಕೋಣೆಯೊಳಕ್ಕೆ ಹೋದಳು. ಒಂದು ದೀಪ ಮುಂದಿಟ್ಟು ಆಕೆ, "ಯಾರಿಗೆ?" ಎಂದಳು.

"ನಮ್ಮನೆಯವ್ರಿಗೆ."

"ಹೆಸರು ಹೇಳಿ. ಹೆಸರು ಹೇಳಿ ಹಚ್ಚಬೇಕು."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ಕೇಳಿದರೂ ಅವ್ವ ಪಕ್ಕದವರ ಮುಖ ನೋಡುವಳು, ನಾವ್ಯಾರಾದರೂ ಹೇಳಬೇಕು. ಈಗಲೂ ಅಭ್ಯಾಸದಂತೆ ನಾನೇ ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ನಾನೇ ಯೋಳ್ತೀನಿ. ಇನ್ನೆಲ್ಲಿ ಐತೆ ಆಯಸ್ಸು, ಕಮ್ಮಿ ಆಗಾಕೆ."

ತುಟಿ ಅಲುಗಿತು, ಸ್ವರ ಬರಲಿಲ್ಲ. ಆ ಹೆಂಗಸು ಕಿವಿ ಮುಂದೆ ತಂದಳು. ಅವ್ವ ಎಂಜಲು ನುಂಗಿ ಇನ್ನೊಮ್ಮೆ ಹೇಳಿದಳು. ಅಪ್ಪನ ಹೆಸರು ಅವ್ವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಯಾರದೋ ಬೇರೆಯವರ ಹೆಸರಿನಂತೆ, ಮದುವೆಗೆ ಮುಂಚಿನ ಯಾವುದೋ ಹುಡುಗನ ಹೆಸರಿನಂತೆ ಕೇಳಿಸಿತು. ಆಕೆಯ ಬಾಯಲ್ಲಿ ಆ ಹೆಸರು ಹೊರಳಲಿಲ್ಲ, ತಪ್ಪು ತಪ್ಪಾಗಿ ಅಂದಳು. ಅವ್ವ ಬಿಡಲಿಲ್ಲ. ಮಗ್ಗಿ ಹೇಳಿಕೊಟ್ಟ ಹಾಗೆ ಬಿಡಿಸಿ ಬಿಡಿಸಿ, ಆಕೆಯ ನಾಲಿಗೆಗೆ ಸರಿಯಾಗಿ ಕೂರುವವರೆಗೂ ಹೇಳಿಕೊಟ್ಟಳು. ಆಮೇಲೆ ದೀಪ ಹಚ್ಚಿದರು. ಆಕೆ ತನ್ನ ಭಾಷೆಯಲ್ಲಿ ಏನೋ ಗುನುಗಿದಳು, ನಡುವೆ ಅಪ್ಪನ ಹೆಸರು ಬಂತು.

ಅಲ್ಲೂ ಅವ್ವ ಅಳಲಿಲ್ಲ. ಹೊರಗೆ ಹುಲ್ಲಿನ ಮೇಲೆ ನಿಂತುಕೊಂಡೇ ಒಂದು ರೊಟ್ಟಿ ತಿಂದಳು. ಇದು ನಿನ್ನ ದೊಡ್ಡಪ್ಪನಿಗೆ ಗೊತ್ತಾಗುವುದು ಬೇಡ ಎಂದಳು. ಅವರೇ ಅಲ್ವಾ ಗುಡಿ ಅಲ್ಲ ಅಂದಿದ್ದು ಎಂದು ನಾನು ಕೆಣಕಿದರೆ, ಅವರಿಗೇನು ತಿಳಿಯುತ್ತದೆ ಹೋಗು ಎಂದು ಸಿಡುಕಿದಳು. ಅದೇ ಅವಸರ, ಅದೇ ಹಾಲು ಕರೆಯುವ ಚಿಂತೆ. ಏನೂ ಬದಲಾಗಿಲ್ಲವಲ್ಲ ಎಂದು ನಾನು ಬೇಸರದಲ್ಲೇ ಗಾಡಿ ತೆಗೆದೆ.

ಪಿರಿಯಾಪಟ್ಟಣ ದಾಟಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು ಕಾಣುವ ಕಡೆ ಬಂದಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು.

"ಇನ್ನೊಂದ್ಸಲ ಯೋಳ್ಬೋದಾ ಮಗ?"

"ಏನವ್ವ?"

"ಅದೇ. ಅವರೆಸರು."

ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. "ಯೋಳವ್ವ, ಯಾರ್ ಬ್ಯಾಡ ಅಂದವ್ರೆ," ಎಂದೆ. ಪಟ್ಟಣ ಸೇರಿ ಎಷ್ಟು ಕಾಲವಾದರೂ ಹೆದರಿದಾಗ ನನಗೆ ಊರ ಮಾತೇ ಬರುವುದು.

ಅವ್ವ ಅಪ್ಪನ ಹೆಸರು ಹೇಳಿದಳು. ಇನ್ನೊಂದು ಸಲ, ಜೋರಾಗಿ. ಮೂರನೆಯ ಸಲ ಕೂಗಿಯೇ ಬಿಟ್ಟಳು, ಕೂಗಿ, "ನಂಗೊಂದ್ ಮಾತು ಯೋಳ್ದೆ ಓಗ್ಬುಟ್ಯಲ್ಲೋ," ಎಂದಳು. ಜೀವಮಾನವಿಡೀ ಅವರು ಇವರು ಎಂದು ಕರೆದವಳು ಅಪ್ಪನನ್ನು ಹೆಸರು ಹಿಡಿದು, ಏಕವಚನದಲ್ಲಿ, ಬೀದಿ ಜಗಳಕ್ಕೆ ನಿಂತವಳಂತೆ ಬೈಯುತ್ತ ಅಳತೊಡಗಿದಳು. ಸೀಟಿಗೆ ಪೂರ್ತಿ ಬೆನ್ನು ಕೊಟ್ಟು, ಕಾಲು ಚಾಚಿಕೊಂಡು ಅತ್ತಳು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಕಿಟಕಿಯ ಗಾಜು ಏರಿಸಲು ಕೈ ಹಾಕಿದವಳು ಬಿಟ್ಟುಬಿಟ್ಟೆ.